ಮನೆಬಾಗಿಲಿಗೆ ಬರುವ ಪುಸ್ತಕ: ಒಬ್ಬರೇ ಇರುವವರಿಗೆ ಕಾಸರಗೋಡಿನ ವಾಯನಶಾಲೆ ಎಷ್ಟು ಒದಗುತ್ತದೆ?

ಕಾಸರಗೋಡಿನ ಕಡೆ ಮನೆ ತೆರಿಗೆ ಕಟ್ಟಿದವರು ರಶೀದಿಯನ್ನು ಮಡಚಿ ಇಡುವ ಮೊದಲು ಒಮ್ಮೆ ಓದಿ ನೋಡಬೇಕು. ತೆರಿಗೆಯ ಜೊತೆಗೆ ಗ್ರಂಥಾಲಯ ಸೆಸ್ ಎಂದು ರೂಪಾಯಿಗೆ 5 ಪೈಸೆಯಂತೆ ಸೇರಿರುತ್ತದೆ. 1989ರ ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ವಸೂಲಾಗುವ ಹಣ ಇದು. ಪೆರ್ಲವಾಗಲಿ, ಬದಿಯಡ್ಕವಾಗಲಿ, ಮಂಜೇಶ್ವರವಾಗಲಿ, ಕನ್ನಡದ ಮನೆಗಳೂ ಊರಿನ ವಾಯನಶಾಲೆಗೆ, ಅಂದರೆ ಗ್ರಂಥಾಲಯಕ್ಕೆ, ಆಗಲೇ ದುಡ್ಡು ಕೊಟ್ಟಾಗಿದೆ. ಮೆಟ್ಟಿಲು ಹತ್ತುವವರು ಮಾತ್ರ ಕಡಿಮೆ. ‘ಅದೆಲ್ಲ ಮಲಯಾಳ ಓದುವವರಿಗೆ’ ಎಂಬ ಒಂದು ಮಾತು ಎಷ್ಟೋ ಮನೆಗಳ ಬಾಗಿಲು ಮುಚ್ಚಿಸಿದೆ.

ಈ ವಾಯನಶಾಲೆಗಳ ಒಂದೇ ಒಂದು ಸೇವೆಯನ್ನು ಇಲ್ಲಿ ತೂಗಿ ನೋಡುವುದು. ಕೇರಳ ಸ್ಟೇಟ್ ಲೈಬ್ರರಿ ಕೌನ್ಸಿಲಿನ ವನಿತಾ ವಯೋಜನ ಪುಸ್ತಕ ವಿತರಣೆ, ಅಂದರೆ ಹೆಂಗಸರಿಗೂ ವಯಸ್ಸಾದವರಿಗೂ ಮನೆಗೇ ಪುಸ್ತಕ ತಂದುಕೊಡುವ ಯೋಜನೆ. ತೂಗುವುದು ಒಬ್ಬ ನಿರ್ದಿಷ್ಟ ಓದುಗನನ್ನು ಮುಂದಿಟ್ಟುಕೊಂಡು: ಮಗ ಬೆಂಗಳೂರಿನಲ್ಲಿ, ಮಗಳು ಗಲ್ಫಿನಲ್ಲಿ, ಅಡಿಕೆ ತೋಟದ ನಡುವಿನ ದೊಡ್ಡ ಮನೆಯಲ್ಲಿ ಒಂದೇ ಕೋಣೆಗೆ ದೀಪ. ಅವರು ಕೇಳುವುದು ಹೊತ್ತು ಹೋಗುವ ಪುಸ್ತಕವನ್ನಲ್ಲ. ಇಷ್ಟು ವರ್ಷ ಬದುಕಿದ್ದು ಯಾಕೆ, ಉಳಿದದ್ದನ್ನು ಹೇಗೆ ಬದುಕುವುದು ಎಂಬ ಪ್ರಶ್ನೆ ಇಟ್ಟುಕೊಂಡು ಪುಸ್ತಕ ಕೇಳುತ್ತಾರೆ. ನಮ್ಮ ಭಾಷೆಯಲ್ಲಿ ಒಂಟಿತನ, ಏಕಾಂತ ಎಂದು ಎರಡು ಬೇರೆ ಮಾತುಗಳಿವೆ. ಮೊದಲನೆಯದು ತಾನಾಗಿ ಬಂದು ಬೀಳುವುದು, ಎರಡನೆಯದನ್ನು ಮಾಡಿಕೊಳ್ಳಬೇಕು. ದಿನಕ್ಕೆ ಅರ್ಧ ಗಂಟೆಯಾದರೂ ಒಂಟಿತನವನ್ನು ಏಕಾಂತಕ್ಕೆ ತಿರುಗಿಸಲು ಒಳ್ಳೆಯ ಪುಸ್ತಕಕ್ಕೆ ಸಾಧ್ಯ. ಆದರೆ ಸರಿಯಾದ ಪುಸ್ತಕ, ಸರಿಯಾದ ಮುದ್ರಣದಲ್ಲಿ, ಸಾಕಷ್ಟು ದಿನದ ಮಟ್ಟಿಗೆ ಕೈಯಲ್ಲಿರಬೇಕು. ಸೇವೆ ಗೆಲ್ಲುವುದೂ ಸೋಲುವುದೂ ಈ ಮೂರರಲ್ಲಿಯೇ.

ಸೇರುವುದು ಸುಲಭ. ಗುರುತಿನ ಚೀಟಿಯ ಪ್ರತಿ, ಒಂದು ಫೋಟೊ, ಸಣ್ಣ ಮೊತ್ತದ ಸದಸ್ಯತ್ವ, ಅಷ್ಟೇ. ಮೊತ್ತ ವಾಯನಶಾಲೆಯಿಂದ ವಾಯನಶಾಲೆಗೆ ಬೇರೆ, ಕೇಳಿಕೊಳ್ಳಬೇಕು. ಮನೆಗೆ ತರುವ ಸೌಲಭ್ಯ ಎಲ್ಲ ಕಡೆ ಇಲ್ಲ. ವಾಯನಶಾಲೆಗಳಿಗೆ ಗ್ರೇಡ್ ಇದೆ, ಮೇಲಿನ ಗ್ರೇಡಿನವುಗಳಲ್ಲಿ ಆಯ್ದ ಕೆಲವಕ್ಕೆ ಮಾತ್ರ ಈ ಯೋಜನೆ. ನಿಮ್ಮ ವಾರ್ಡಿನದರಲ್ಲಿ ಇಲ್ಲದಿದ್ದರೆ ಪಕ್ಕದ್ದರಲ್ಲಿ ವಿಚಾರಿಸಿ. ಪಂಚಾಯತಿನ ಗಡಿಯನ್ನು ಯಾರೂ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ.

ಪುಸ್ತಕ ತರುವ ಅಕ್ಕ ಬಂದಾಗ ನಡೆಯುವುದು ಇಷ್ಟು. ಹೆಗಲ ಚೀಲದಲ್ಲಿ ಹದಿನೈದೋ ಇಪ್ಪತ್ತೋ ಪುಸ್ತಕ, ಅದರಲ್ಲಿ ಕನ್ನಡದ್ದು ಮೂರೋ ನಾಲ್ಕೋ. ಜಗಲಿಯಲ್ಲಿ ಹರಡುತ್ತಾರೆ, ನೀವು ಆರಿಸುತ್ತೀರಿ, ಇಶ್ಯೂ ರಿಜಿಸ್ಟರಿನಲ್ಲಿ ಪುಸ್ತಕದ ನಂಬರು ಬರೆದು ಸಹಿ. ಇಲ್ಲಿಯೇ ಹೆಚ್ಚಿನವರು ತಪ್ಪುವುದು. ಚೀಲದಲ್ಲಿ ಬಂದದ್ದರಿಂದಲೇ ಆರಿಸಬೇಕೆಂದು ತಿಳಿದು, ಬೇಡದ ಪತ್ತೇದಾರಿಯನ್ನೋ ಹಳೆಯ ಧಾರಾವಾಹಿ ಕಾದಂಬರಿಯನ್ನೋ ತೆಗೆದುಕೊಂಡು, ಹತ್ತು ಪುಟ ಓದಿ ಮುಚ್ಚಿಟ್ಟು, ‘ಓದುವುದಕ್ಕೆ ಮನಸ್ಸೇ ಬರುವುದಿಲ್ಲ’ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಚೀಲ ಒಂದು ಮಾದರಿ ಮಾತ್ರ. ಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಮುಂದಿನ ಸರದಿಗೆ ತರುತ್ತಾರೆ, ತರಬೇಕು ಕೂಡ.

ಆದರೆ ಏನು ಬರೆದುಕೊಡುವುದು, ಅಲ್ಲಿ ಏನಿದೆ ಎಂದು ಗೊತ್ತಿಲ್ಲದಿದ್ದರೆ? ಗಡಿಯ ವಾಯನಶಾಲೆಗಳ ಕನ್ನಡ ಕಪಾಟನ್ನು ಹತ್ತಿರದಿಂದ ನೋಡಬೇಕು. ಮಲಯಾಳದ ಪುಸ್ತಕಗಳು ನೋವಲ್, ಕಥೆ, ಕವಿತೆ, ಜೀವಚರಿತ್ರೆ ಎಂದು ಬೇರೆ ಬೇರೆ ಕಪಾಟಿನಲ್ಲಿ. ಕನ್ನಡದ್ದೆಲ್ಲ ಒಂದೇ ಕಪಾಟು, ಗೋಡೆಗೆ ತಾಗಿ, ಹೆಚ್ಚಾಗಿ ಕೇರಂ ಬೋರ್ಡಿನ ಹಿಂದೆ. ಒಳಗೆ ವಿಷಯದ ಲೆಕ್ಕವಿಲ್ಲ, ಬಂದ ಕ್ರಮದಲ್ಲಿ ನಂಬರು ಬಿದ್ದಿದೆ. ಮಕ್ಕಳ ಕಥೆಯ ಪಕ್ಕ ತೆಂಗಿನ ಕೃಷಿ, ಅದರ ಪಕ್ಕ ವಚನ. ಬೆನ್ನಿಗೆ ಬೈಂಡು ಕಟ್ಟಿಸಿದವುಗಳ ಹೆಸರು ಮಾಸಿಹೋಗಿ ನಂಬರು ಮಾತ್ರ ಉಳಿದಿದೆ. ಸ್ಟಾಕ್ ರಿಜಿಸ್ಟರಿನಲ್ಲಿ ಹೆಸರನ್ನು ಮಲಯಾಳ ಲಿಪಿಯಲ್ಲಿ ಬರೆದಿರುವುದರಿಂದ ಲಿಪಿ ಬಾರದವರಿಗೆ ಅದೂ ದಕ್ಕುವುದಿಲ್ಲ. ಇದಕ್ಕೆ ಸುಲಭದ ದಾರಿ ಒಂದಿದೆ. ಕಪಾಟಿನ ಒಂದೊಂದು ಹಲಗೆಗೆ ಒಂದೊಂದು ಫೋಟೊ ತೆಗೆದು ವಾಟ್ಸಾಪ್ ಮಾಡಲು ಅಕ್ಕನ ಹತ್ತಿರ ಕೇಳಿ. ಐದು ಹಲಗೆಗೆ ಐದು ಫೋಟೊ. ದೂರದಲ್ಲಿರುವ ಮಗನಿಗೋ ಸೊಸೆಗೋ ಅದನ್ನು ಕಳಿಸಿದರೆ ದೊಡ್ಡದು ಮಾಡಿ ಓದಿ ಪಟ್ಟಿ ಬರೆದುಕೊಡುತ್ತಾರೆ. ಪೇಟೆಯಲ್ಲಿರುವ ಮಕ್ಕಳಿಗೆ ಅಪ್ಪ ಅಮ್ಮನಿಗಾಗಿ ಮಾಡಬಹುದಾದ ಕೆಲಸಗಳಲ್ಲಿ ಇದರಷ್ಟು ಅಗ್ಗದ್ದೂ ಇದರಷ್ಟು ಉಪಯೋಗದ್ದೂ ಬೇರೆ ಕಾಣುವುದಿಲ್ಲ. ಫೋನಿನಲ್ಲಿ ‘ಊಟ ಆಯಿತಾ’ ಎಂದು ಕೇಳಿದ ಮೇಲೆ ಮಾತಾಡಲು ಒಂದು ವಿಷಯವೂ ಆಗುತ್ತದೆ.

ಇನ್ನು ಯಾವ ಪುಸ್ತಕ. ಒಂಟಿಯಾಗಿರುವವರಿಗೆ ಎಂದರೆ ಎಲ್ಲರೂ ಮೊದಲು ಹೇಳುವುದು ಮಂಕುತಿಮ್ಮನ ಕಗ್ಗ. ಹೇಳುವುದು ಸರಿ, ಕೊಡುವ ರೀತಿ ತಪ್ಪು. 1943ರಲ್ಲಿ ಬಂದ ಆ ಪುಸ್ತಕದಲ್ಲಿ 945 ಪದ್ಯಗಳಿವೆ, ಒಂದೊಂದೂ ನಾಲ್ಕು ಸಾಲು. ಆದರೆ ಡಿ.ವಿ.ಜಿ. ಬಳಸಿದ್ದು ದಿನನಿತ್ಯದ ಕನ್ನಡವಲ್ಲ. ಶಬ್ದಗಳು ಸಂಧಿಯಲ್ಲಿ ಹೆಣೆದುಕೊಂಡಿವೆ, ಇಳೆ, ಮೇಣ್ ಮುಂತಾದ ಹಳೆಯ ಮಾತುಗಳಿವೆ. ಮಲಯಾಳ ಮಾಧ್ಯಮದಲ್ಲಿ ಓದಿ ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಆಡುವವರಿಗೆ ಬರೀ ಮೂಲ ಕೊಟ್ಟರೆ ಮೂರನೆಯ ದಿನಕ್ಕೆ ಪುಸ್ತಕ ಮುಚ್ಚಿಡುತ್ತಾರೆ. ಚೀಟಿಯಲ್ಲಿ ‘ಪದವಿಭಾಗ, ತಾತ್ಪರ್ಯ ಇರುವ ಕಗ್ಗ’ ಎಂದೇ ಬರೆಯಬೇಕು. ದಿನಕ್ಕೆ ಒಂದು ಪದ್ಯದಂತೆ ಓದಿದರೆ ಮುಗಿಯಲು ಎರಡು ವರ್ಷ ಏಳು ತಿಂಗಳು ಬೇಕು. ಎರಡು ವಾರದ ಅವಧಿಗೆ ಕೊಡುವ ಪುಸ್ತಕವೇ ಅಲ್ಲ ಅದು. ವಾಯನಶಾಲೆಯಿಂದ ಒಮ್ಮೆ ತರಿಸಿ ರುಚಿ ನೋಡಿ, ಹಿಡಿಸಿದರೆ ಸ್ವಂತಕ್ಕೆ ಕೊಳ್ಳುವುದೇ ಮೇಲು.

ಕಗ್ಗಕ್ಕಿಂತ ಮೊದಲು ಕೈಗೆ ಕೊಡಬೇಕಾದ್ದು, ನಮ್ಮ ದೃಷ್ಟಿಯಲ್ಲಿ, ಶಿವರಾಮ ಕಾರಂತರ ಬೆಟ್ಟದ ಜೀವ. ಅದೂ 1943ರದ್ದೇ. ಸುಬ್ರಹ್ಮಣ್ಯದ ಕಡೆಯ ಕಾಡಿನ ಮಗ್ಗುಲಲ್ಲಿ ತೋಟ ಮಾಡಿಕೊಂಡ ಮುದಿ ಗಂಡ ಹೆಂಡತಿ ಗೋಪಾಲಯ್ಯ, ಶಂಕರಮ್ಮ, ಮನೆ ಬಿಟ್ಟು ಹೋದ ಮಗ. ಅಡಿಕೆ, ನೀರು, ದಾರಿ ತಪ್ಪಿ ಬಂದ ಅತಿಥಿಗೆ ಬಡಿಸುವ ಊಟ, ಎಲ್ಲವೂ ನಮ್ಮ ಕಡೆಯ ಓದುಗನಿಗೆ ಅರ್ಥ ಹೇಳದೆಯೇ ತಿಳಿಯುತ್ತದೆ. ಭಾಷೆ ತಿಳಿ. ದುಃಖದ ಬಗ್ಗೆ ಉಪದೇಶ ಮಾಡುವುದಿಲ್ಲ, ದುಃಖವನ್ನು ಇಟ್ಟುಕೊಂಡೇ ಗೋಪಾಲಯ್ಯ ಹೊಸ ತೋಟಕ್ಕೆ ಕೈ ಹಾಕುವುದನ್ನು ತೋರಿಸುತ್ತದೆ. ‘ಮಕ್ಕಳಿಲ್ಲದ ಮನೆಯಲ್ಲಿ ಯಾರಿಗಾಗಿ ಗಿಡ ನೆಡುವುದು’ ಎಂದು ಕೇಳುವವರಿಗೆ ಇದಕ್ಕಿಂತ ನೇರವಾಗಿ ತಟ್ಟುವ ಕಾದಂಬರಿ ಕಾಣೆವು. ಎಚ್ಚರಿಕೆ ಒಂದೇ: ಮಗನ ಜೊತೆ ಮಾತು ಬಿಟ್ಟವರಿಗೆ, ಆ ಗಾಯ ಇನ್ನೂ ಹಸಿಯಾಗಿದ್ದರೆ, ಇದನ್ನು ಮೊದಲಿಗೆ ಕೊಡಬಾರದು. ಶಂಕರಮ್ಮನ ಪುಟಗಳು ತಡೆಯಲಾಗುವುದಿಲ್ಲ.

ಅಂಥವರಿಗೆ ಮೂಕಜ್ಜಿಯ ಕನಸುಗಳು ಒಗ್ಗುತ್ತದೆ. 1968ರಲ್ಲಿ ಬಂದು 1977ರಲ್ಲಿ ಕಾರಂತರಿಗೆ ಜ್ಞಾನಪೀಠ ತಂದುಕೊಟ್ಟ ಕಾದಂಬರಿ. ಬಾಲ್ಯದಲ್ಲಿಯೇ ವಿಧವೆಯಾದ ಅಜ್ಜಿ, ಪ್ರಶ್ನೆ ಕೇಳುವ ಮೊಮ್ಮಗ. ದೇವರು, ಕಾಮ, ಸಾವು ಯಾವುದಕ್ಕೂ ಅಜ್ಜಿ ಅಂಜುವುದಿಲ್ಲ. ಬಿಡಿಬಿಡಿಯಾಗಿ ಓದಬಹುದು, ನಡುವೆ ನಾಲ್ಕು ದಿನ ಬಿಟ್ಟರೂ ಎಳೆ ತಪ್ಪುವುದಿಲ್ಲ. ಮಡಿ ಆಚಾರ ಬಲವಾಗಿರುವ ಕೆಲವು ಹಿರಿಯರಿಗೆ ಅಜ್ಜಿಯ ಮಾತು ಮುಜುಗರ ತರಬಹುದು, ಕೊಡುವವರು ಒಂದು ಮಾತು ಮೊದಲೇ ಹೇಳಿದರೆ ಸಾಕು.

ವಚನ ಕೇಳುವವರು ‘ವಚನ ಪುಸ್ತಕ’ ಎಂದಷ್ಟೇ ಬರೆದರೆ ಸಮಗ್ರ ವಚನ ಸಂಪುಟದ ಯಾವುದೋ ಒಂದು ದಪ್ಪ ಸಂಪುಟ ಬಂದೀತು. ಒಟ್ಟು 15 ಸಂಪುಟಗಳ ಮಾಲೆ ಅದು, ಹುಡುಕಿ ನೋಡಲು ಒಳ್ಳೆಯದು, ಮಲಗುವ ಮೊದಲು ಎದೆಯ ಮೇಲಿಟ್ಟು ಓದಲು ಆಗುವುದಿಲ್ಲ. ಅಕ್ಕಮಹಾದೇವಿಯ ವಚನಗಳ ಸಣ್ಣ ಸಂಕಲನ ಕೇಳಿ. ಮನೆ ಬಿಟ್ಟು ಒಬ್ಬಳೇ ಶ್ರೀಶೈಲದ ದಾರಿ ಹಿಡಿದವಳು ಅಕ್ಕ. ಒಬ್ಬಳೇ ಇರುವ ಭಯವನ್ನೂ ಧೈರ್ಯವನ್ನೂ ಎಂಟು ಹತ್ತು ಸಾಲಿನಲ್ಲಿ ಹೇಳಬಲ್ಲಳು. ಅಲ್ಲಮನನ್ನು ಆಮೇಲೆ ಇಟ್ಟುಕೊಳ್ಳಿ. ಒಗಟಿನಂಥ ಬೆಡಗಿನ ವಚನಗಳಿಗೆ ವ್ಯಾಖ್ಯಾನ ಬೇಕು, ಹೇಳಿಕೊಡುವವರು ಬೇಕು.

ಮಂಜೇಶ್ವರದ ಗೋವಿಂದ ಪೈಗಳನ್ನು ಬಿಟ್ಟು ಈ ಮಾತು ಮುಗಿಸಲಾಗುವುದಿಲ್ಲ. ಅವರ ಗೊಲ್ಗೊಥಾ ಕಾವ್ಯದಲ್ಲಿ ಕ್ರಿಸ್ತನ ಕೊನೆಯ ದಿನ, ವೈಶಾಖಿಯಲ್ಲಿ ಬುದ್ಧನ ಕೊನೆ. ಸಾವನ್ನು ಎದುರಿಗಿಟ್ಟುಕೊಂಡು ಬದುಕಿನ ಅರ್ಥ ಕೇಳುವ ಪದ್ಯಗಳು. ಕನ್ನಡ ಗಟ್ಟಿ, ಹಳಗನ್ನಡದ ವಾಸನೆ ಇರುವವರಿಗೇ ಮೊದಲ ಪ್ರವೇಶ. ಆದರೆ ಒಂದು ಅನುಕೂಲವಿದೆ. ಪೈಗಳು ತೀರಿಕೊಂಡದ್ದು 1963ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ, ಹಾಗಾಗಿ 2024ರ ಜನವರಿಯಿಂದ ಅವರ ಕೃತಿಗಳು ಎಲ್ಲರಿಗೂ ಮುಕ್ತ. ಬೇಕಾದ ಪದ್ಯವನ್ನು 18 ಪಾಯಿಂಟಿನ ದೊಡ್ಡಕ್ಷರದಲ್ಲಿ ಟೈಪು ಮಾಡಿಸಿ ಪ್ರಿಂಟು ತೆಗೆದುಕೊಡಲು ಯಾರ ಅಪ್ಪಣೆಯೂ ಬೇಡ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಕಗ್ಗಕ್ಕೆ ಆ ಅನುಕೂಲ ಇನ್ನೂ ಇಲ್ಲ.

ಇಂಗ್ಲಿಷ್ ಓದಬಲ್ಲ ಎಳೆಯರಿಗೆ, ಹೊರದೇಶದ ನರ್ಸಿಂಗ್ ಕೆಲಸಕ್ಕೋ ಸರ್ಕಾರಿ ನೇಮಕದ ಪಿ.ಎಸ್.ಸಿ. ರ‍್ಯಾಂಕ್ ಲಿಸ್ಟಿಗೋ ಕಾದು ಕೂತವರಿಗೆ, ಜರ್ಮನ್ ಭಾಷೆಯ ಕವಿ ರಿಲ್ಕೆ ಒಬ್ಬ ತರುಣನಿಗೆ 1903ರಿಂದ 1908ರ ನಡುವೆ ಬರೆದ 10 ಪತ್ರಗಳ ಪುಸ್ತಕ ‘ಲೆಟರ್ಸ್ ಟು ಎ ಯಂಗ್ ಪೊಯೆಟ್’ ಹೇಳಬಹುದು. ತೆಳ್ಳಗಿನ ಪುಸ್ತಕ, ಮಧ್ಯಾಹ್ನದೊಳಗೆ ಮುಗಿಯುತ್ತದೆ. ಆದರೆ ಹಾಗೆ ಓದಬಾರದು, ಪತ್ರವನ್ನು ಪತ್ರದಂತೆ ವಾರಕ್ಕೊಂದು ಓದಬೇಕು. ಮೊದಲ ಪತ್ರ ಬರೆದಾಗ ರಿಲ್ಕೆಗೂ 27 ವರ್ಷವಷ್ಟೇ. ಒಬ್ಬನೇ ಇರುವುದನ್ನು ಕಲಿ, ಉತ್ತರಕ್ಕೆ ಅವಸರ ಮಾಡಬೇಡ ಎಂಬ ಅವನ ಮಾತು ಹಿರಿಯನ ಬುದ್ಧಿವಾದಕ್ಕಿಂತ ಜೊತೆಯವನ ಮಾತಿನಂತೆ ಕೇಳುವುದು ಅದಕ್ಕಾಗಿಯೇ.

ಪುಸ್ತಕ ಸರಿಯಿದ್ದರೂ ಪ್ರತಿ ಸರಿಯಿಲ್ಲದಿದ್ದರೆ ಓದು ನಿಲ್ಲುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. ಜಗಲಿಯಲ್ಲಿ ಪುಸ್ತಕ ಕೈಗೆ ಬಂದಾಗ ಮೊದಲು ನಡುವೆ ತೆರೆದು, ನೀವು ಸಹಜವಾಗಿ ಹಿಡಿಯುವಷ್ಟು ದೂರದಲ್ಲಿ, ಕನ್ನಡಕ ಹಾಕಿ, ಒತ್ತಕ್ಷರ ನೋಡಿ. ‘ಸ್ತ್ರ’ದಲ್ಲಿ ತಾವತ್ತೂ ರಾವತ್ತೂ ಬೇರೆ ಬೇರೆ ಕಂಡರೆ ಸರಿ, ಒಂದು ಕಪ್ಪು ಚುಕ್ಕೆಯಂತೆ ಕಂಡರೆ ಆ ಪ್ರತಿ ಬೇಡ. ಕಗ್ಗದಲ್ಲಿ ಒತ್ತಕ್ಷರ ದಟ್ಟ, ಜೇಬಿಗೆ ಹಿಡಿಯುವ ಸಣ್ಣ ಪ್ರತಿ ನೋಡಲು ಮುದ್ದಾಗಿದ್ದರೂ ಅರುವತ್ತು ದಾಟಿದ ಕಣ್ಣಿಗೆ ಆಗಿಬರುವುದಿಲ್ಲ. ಆಮೇಲೆ ಬೆನ್ನು ನೋಡಿ. ನೂಲಿನ ಹೊಲಿಗೆ ಇರುವ ಪುಸ್ತಕ ಮೇಜಿನ ಮೇಲೆ ಅಂಗಾತ ತೆರೆದುಕೊಂಡಿರುತ್ತದೆ. ಬರೀ ಗಮ್ ಹಾಕಿದ್ದು ಮುಚ್ಚಿಕೊಳ್ಳುತ್ತಲೇ ಇರುತ್ತದೆ, ಬೆರಳು ಬಲವಿಲ್ಲದವರಿಗೆ ಒತ್ತಿ ಹಿಡಿಯುವುದೇ ಕೆಲಸವಾಗುತ್ತದೆ, ಒತ್ತಿದರೆ ಹಾಳೆ ಕಳಚಿ ಬರುತ್ತದೆ.

ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯ ತಿಂಗಳಲ್ಲಿ, ಇನ್ನೊಂದು ಕಷ್ಟ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯದೆ ಇರುವುದಿಲ್ಲ. ಮೈದಾ ಅಂಟು ಹಾಕಿ ಬೈಂಡು ಮಾಡಿದ್ದಕ್ಕೆ ಹುಳವೂ ಬೇಗ ಬರುತ್ತದೆ. ಚೀಲದಿಂದ ಬಂದ ಪುಸ್ತಕವನ್ನು ಅದೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಒಳಗಿನ ತೇವಕ್ಕೆ ಹೋಗಲು ದಾರಿಯಿಲ್ಲದೆ ಎರಡೇ ದಿನದಲ್ಲಿ ವಾಸನೆ. ಕವರಿನಿಂದ ತೆಗೆದು, ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ, ಫ್ಯಾನಿನ ಕೆಳಗೆ ನಿಲ್ಲಿಸಿ. ಬೂಷ್ಟನ್ನು ಒಣಬಟ್ಟೆಯಲ್ಲಿ ಅಂಗಳದಲ್ಲಿ ನಿಂತು ಒರೆಸಿ, ಒದ್ದೆ ಬಟ್ಟೆ ತಾಗಿಸಿದರೆ ಕಲೆ ಒಳಗಿಳಿಯುತ್ತದೆ. ಉಬ್ಬಸ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಬೇಕು.

ಓದುವ ರೀತಿಗೆ ಬರೋಣ. ಒಂಟಿಯಾಗಿರುವವರಿಗೆ ಭಾರವಾಗುವ ಹೊತ್ತು ಮುಸ್ಸಂಜೆ. ದೀಪ ಹಚ್ಚಿ ಆಗಿದೆ, ಊಟಕ್ಕೆ ಇನ್ನೂ ಹೊತ್ತಿದೆ, ಟಿ.ವಿ. ಹಾಕಿದರೆ ಗಲಾಟೆ. ಓದನ್ನು ಆ ಹೊತ್ತಿಗೆ ಕಟ್ಟಿ ಇಡಬೇಕು, ಮಲಗುವ ಹೊತ್ತಿಗಲ್ಲ. ಇಪ್ಪತ್ತು ನಿಮಿಷ ಸಾಕು. ಗಟ್ಟಿಯಾಗಿ ಓದಬೇಕು. ಇಡೀ ದಿನ ಯಾರ ಹತ್ತಿರವೂ ಮಾತಾಡದ ಗಂಟಲಿಗೆ ತನ್ನ ದನಿ ತಾನೇ ಕೇಳುವುದು ಬೇಕು. ನಮ್ಮ ಹಿರಿಯರು ಜೈಮಿನಿ ಭಾರತವನ್ನೋ ತೊರವೆ ರಾಮಾಯಣವನ್ನೋ ರಾಗವಾಗಿ ಓದುತ್ತಿದ್ದುದು ಇದೇ ಮಳೆಗಾಲದ ಸಂಜೆಗಳಲ್ಲಿ. ಅದೇ ಹೊತ್ತಿಗೆ ನೆರೆಯ ಮಲಯಾಳದ ಮನೆಗಳಲ್ಲಿ ಕರ್ಕಟಕ ಮಾಸದ ರಾಮಾಯಣ ಓದುತ್ತಾರೆ.

ಕಗ್ಗವೋ ವಚನವೋ ಆದರೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಡ ಪುಟದಲ್ಲಿ ಪದ್ಯವನ್ನು ಕೈಯಾರೆ ಬರೆಯುವುದು. ಅದರ ಕೆಳಗೆ ಶಬ್ದ ಬಿಡಿಸಿ ಬರೆಯುವುದು. ತಾತ್ಪರ್ಯವನ್ನು ಆಗಲೇ ನೋಡಬಾರದು, ಮರುದಿನ ನೋಡಿ ತನ್ನ ಅರ್ಥದ ಜೊತೆ ಹೋಲಿಸಬೇಕು. ಬಲ ಪುಟದಲ್ಲಿ ಒಂದೇ ಸಾಲು: ಈ ಪದ್ಯ ಇವತ್ತು ಯಾರನ್ನು, ಯಾವುದನ್ನು ನೆನಪಿಸಿತು. ಎರಡು ಸಾಲು ಬೇಡ. ಉದ್ದ ಬರೆಯತೊಡಗಿದರೆ ಪದ್ಯ ಹಿಂದೆ ಸರಿದು ಹಳೆಯ ಅಳಲು ಮುಂದೆ ಬರುತ್ತದೆ, ವಾರದಲ್ಲಿ ನೋಟ್‌ಬುಕ್ ತೆರೆಯಲು ಭಯವಾಗುತ್ತದೆ. ಉತ್ಸಾಹದಲ್ಲಿ ದಿನಕ್ಕೆ ಹತ್ತು ಪದ್ಯ ಓದುವವರೂ ಸೋಲುತ್ತಾರೆ, ಹತ್ತರಲ್ಲಿ ಒಂದೂ ನಿಲ್ಲುವುದಿಲ್ಲ. ತಾತ್ಪರ್ಯ ಮಾತ್ರ ಓದುವವರಿಗೆ ಅರ್ಥ ಸಿಕ್ಕಿದರೂ ಪದ್ಯ ನಾಲಗೆಗೆ ಬರುವುದಿಲ್ಲ, ನಡುರಾತ್ರಿ ಎಚ್ಚರವಾದಾಗ ನೆನಪಿಗೆ ಬರುವುದು ನಾಲಗೆಗೆ ಬಂದದ್ದು ಮಾತ್ರ.

ಸೇವೆಯ ದೊಡ್ಡ ಕೊರತೆ ಅವಧಿ. ಎರಡು ವಾರದಲ್ಲಿ ಹಿಂತಿರುಗಿಸಬೇಕೆಂಬ ಲೆಕ್ಕ ಪತ್ತೇದಾರಿ ಕಾದಂಬರಿಗೆ ಸರಿ, ಈ ಬಗೆಯ ಓದಿಗೆ ಅಲ್ಲ. ರಿನ್ಯೂ ಮಾಡಲು ಅಡ್ಡಿಯಿಲ್ಲ, ಆದರೆ ಕೇಳಬೇಕು. ಕೇಳಲು ಸಂಕೋಚಪಟ್ಟು ಅರ್ಧ ಓದಿದ್ದನ್ನೇ ಕೊಟ್ಟುಬಿಡುವ ಹೆಂಗಸರು ಬಹಳ. ಕನ್ನಡ ಪುಸ್ತಕಕ್ಕೆ ಸಾಲು ನಿಂತವರು ಯಾರೂ ಇರುವುದಿಲ್ಲ, ನಿಸ್ಸಂಕೋಚವಾಗಿ ‘ಇನ್ನೂ ಒಂದು ತಿಂಗಳು ಇರಲಿ ಅಕ್ಕ’ ಎನ್ನಬಹುದು. ಎರಡನೆಯ ಕೊರತೆ, ಪುಸ್ತಕ ತರುವವರು ಕನ್ನಡ ಓದುವವರಲ್ಲದಿದ್ದರೆ ಚೀಟಿ ನೋಡಿ ಕಪಾಟಿನಲ್ಲಿ ಹುಡುಕಲಾಗುವುದಿಲ್ಲ. ಹೆಸರಿನ ಜೊತೆ ಪುಸ್ತಕದ ನಂಬರು ಬರೆದರೆ ಈ ತೊಡಕು ಬಿಡುತ್ತದೆ, ನಂಬರು ಆ ಫೋಟೊಗಳಲ್ಲಿಯೇ ಇದೆ. ಮಳೆ ಜೋರಾದ ವಾರ ಬರುವುದು ತಪ್ಪುತ್ತದೆ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಜೂನ್ ಮೊದಲೇ ಎರಡು ಪುಸ್ತಕ ಹೆಚ್ಚು ತೆಗೆದಿರಿಸಿಕೊಳ್ಳಿ.

ಸಂಗ್ರಹ ಹಳೆಯದಾಗಿರುವುದಕ್ಕೆ ಓದುಗರ ಪಾಲೂ ಇದೆ. ಗ್ರಾಂಟು ಬಂದ ಮೇಲೆ ಸಮಿತಿಯವರು ಹೆಚ್ಚಾಗಿ ಪುಸ್ತಕ ಕೊಳ್ಳುವುದು ಜಿಲ್ಲಾ ಲೈಬ್ರರಿ ಕೌನ್ಸಿಲಿನ ಪುಸ್ತಕೋತ್ಸವದಲ್ಲಿ. ಕೈಯಲ್ಲಿ ಪಟ್ಟಿಯಿಲ್ಲದೆ ಹೋದವರು ಕಣ್ಣಿಗೆ ಬಿದ್ದದ್ದನ್ನು ತರುತ್ತಾರೆ. ಉತ್ಸವದ ತಾರೀಕು ಕೇಳಿಕೊಂಡು ತಿಂಗಳ ಮೊದಲೇ ಐದು ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ‘ದೊಡ್ಡಕ್ಷರ, ಹೊಲಿಗೆ ಬೈಂಡು’ ಎಂದು ಬರೆದು, ನಾಲ್ಕು ಸದಸ್ಯರ ಸಹಿ ಹಾಕಿಸಿ ಕೊಟ್ಟರೆ ಎರಡಾದರೂ ಬರುತ್ತವೆ.

ಪುಸ್ತಕ ಎಲ್ಲಿಯವರೆಗೆ ಎಂಬುದನ್ನೂ ಹೇಳಬೇಕು. ಎರಡು ವಾರ ಮೀರಿ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲಿಯೂ ಮನಸ್ಸಿಲ್ಲದೆ, ಇದ್ದೇನು ಪ್ರಯೋಜನ ಎಂಬ ಮಾತು ಬಾಯಿಗೆ ಬರತೊಡಗಿದರೆ ಅದು ಓದಿನಿಂದ ಹೋಗುವುದಲ್ಲ. ಅಂಥ ಹೊತ್ತಿನಲ್ಲಿ ಕಗ್ಗ ಕೈಗಿಟ್ಟು ಸಮಾಧಾನ ಹೇಳಿ ಹೋಗುವುದು ತಪ್ಪು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಹಗಲೂ ರಾತ್ರಿಯೂ ಉಚಿತ, ಭಾಷೆ ಆರಿಸಿಕೊಳ್ಳಬಹುದು. ಪುಸ್ತಕ ತರುವ ಅಕ್ಕಂದಿರಿಗೂ ಈ ನಂಬರು ಗೊತ್ತಿರಬೇಕು. ಎಷ್ಟೋ ಮನೆಗಳಲ್ಲಿ ವಾರದಲ್ಲಿ ಎದುರು ಕೂತು ಮಾತಾಡುವವರು ಅವರೊಬ್ಬರೇ. ಸೇವೆಯ ಅತಿ ಬೆಲೆಯುಳ್ಳ ಭಾಗವೂ ಅದೇ, ರಿಜಿಸ್ಟರಿನಲ್ಲಿ ಬರೆಯಲಾಗದ ಐದು ನಿಮಿಷದ ‘ಹೋದ ಸಲದ್ದು ಹೇಗಿತ್ತು?’ ಆ ಪ್ರಶ್ನೆ ಕೇಳುವವರು ಬರುವ ಮನೆಯಲ್ಲಿ ಪುಸ್ತಕ ಮುಗಿಯುತ್ತದೆ, ಕೇಳದವರು ಬರುವಲ್ಲಿ ಕಿಟಕಿಯ ಮೇಲೆ ಉಳಿಯುತ್ತದೆ.

ಅಂಕ ಕೊಡಬೇಕೆಂದರೆ ಮನೆಗೆ ತರುವ ಸೇವೆಗೆ 5ರಲ್ಲಿ 4, ಕನ್ನಡ ಕಪಾಟಿಗೆ 2. ಸೇರಿದ ಮೊದಲ ದಿನ ಕೊಡುವ ಚೀಟಿ ಹೀಗಿರಲಿ: ಬೆಟ್ಟದ ಜೀವ, ಮೂಕಜ್ಜಿಯ ಕನಸುಗಳು, ಅಕ್ಕನ ವಚನಗಳ ಸಣ್ಣ ಸಂಕಲನ, ತಾತ್ಪರ್ಯ ಇರುವ ಕಗ್ಗ. ಕೆಳಗೆ ಫೋಟೊದಿಂದ ತೆಗೆದ ನಂಬರುಗಳು, ಮತ್ತೆ ಒಂದು ಸಾಲು, ಮಲಯಾಳದಲ್ಲಿಯೂ ಬರೆಸಿಕೊಳ್ಳಿ: ‘ಒಂದು ಸಲಕ್ಕೆ ಒಂದೇ ಸಾಕು, ಒಂದು ತಿಂಗಳು ಇರಲಿ.’